ಒಳಗಿನ ತಂಗಿ

ಅಡಿಗೆಮನೆಯಲ್ಲಿ ತಾನೇ ಓಡಾಡುತ್ತಿರುವುದು ಅವಳಿಗೆ ಕೇಳಿಸುತ್ತಿತ್ತು. ತೊಳೆದ ಮುಚ್ಚಳವನ್ನು ಬೋರಲು ಹಾಕುವ ಮೊದಲು ಒಮ್ಮೆ ಕೊಡವುವುದು, ನಲ್ಲಿ ನಿಲ್ಲಿಸಿ ಒಂದೆರಡು ಹನಿ ಬಿದ್ದ ಮೇಲೆ ನೆನಪಾದವರಂತೆ ಇನ್ನೊಂದು ಸುತ್ತು ಬಿಗಿಮಾಡುವುದು, ಎರಡೂ ಕೈ ತುಂಬಿರುವಾಗ ಕಪಾಟಿನ ಬಾಗಿಲನ್ನು ಮೊಣಕಾಲಿನಿಂದ ದೂಡುವುದು. ಈ ಮನೆಗೆ ಬಂದಾಗಿನಿಂದ ಈ ಸದ್ದುಗಳು ಅವಳವು. ಮಾಡುತ್ತಿದ್ದಾಗ ಒಂದು ದಿನವೂ ಕಿವಿಗೆ ಬಿದ್ದಿರಲಿಲ್ಲ. ಈಗ ಮಂಚದ ಮೇಲೆ ಅಂಗಾತ ಮಲಗಿ, ಗೋಡೆಯಾಚೆ ಅವು ಒಂದೊಂದಾಗಿ ನಡೆಯುವುದನ್ನು ಕೇಳುತ್ತ, ಮುಂದಿನದು ಯಾವುದೆಂದು ಮೊದಲೇ ಹೇಳಿಕೊಳ್ಳುತ್ತಿದ್ದಳು. ಚಮಚ, ಎಂದುಕೊಂಡಳು, ಚಮಚದ ಸದ್ದಾಯಿತು. ಈಗ ಕೈ ಒರೆಸಿಕೊಳ್ಳಬೇಕು. ಬಟ್ಟೆ ಮೊಳೆಯಿಂದ ಜಾರಿತು. ಅಡಿಗೆಮನೆಯಲ್ಲಿದ್ದವಳು ಅವಳ ತಂಗಿ. ಅದು ಗೊತ್ತಿದ್ದರೂ, ತಾನು ಅಲ್ಲಿ ಕೆಲಸ ಮಾಡುತ್ತಿದ್ದೇನೆ, ಇಲ್ಲಿ ಮಲಗಿರುವವಳು ಬೇರೆ ಯಾರೋ ಕಾಯಿಲೆಯವಳು, ಹೊತ್ತಿಗೆ ಸರಿಯಾಗಿ ಅವಳಿಗೊಂದಿಷ್ಟು ಊಟ ಕೊಡಬೇಕು ಎಂದು ಒಂದು ಕ್ಷಣ ಅನ್ನಿಸಿ, ಆ ಕ್ಷಣ ಕಳೆದ ಮೇಲೆ ಅಂಗೈ ತಣ್ಣಗಾಯಿತು.

ತಂಗಿ ಕಾರು ಓಡಿಸುವುದನ್ನು ಕಲಿಸುವ ಶಾಲೆಯಲ್ಲಿ ಕೆಲಸಕ್ಕಿದ್ದಳು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಡೆಗಿದ್ದ ಎರಡನೆಯ ಬ್ರೇಕಿನ ಮೇಲೆ ಪಾದ ಇಟ್ಟುಕೊಂಡೇ ಅರ್ಧ ಆಯುಸ್ಸು ಕಳೆದವಳು. ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದಾಗಲೂ ಎದುರಿನವರು ಏನಾದರೂ ತಪ್ಪಿ ಆಡಿದರೆ ಅವಳ ಬಲಗಾಲು ನೆಲವನ್ನು ಒತ್ತುತ್ತಿತ್ತು. ಬಾಯಂತೂ ಕಾಲಿಗಿಂತ ಮುಂದೆ. ಅಕ್ಕತಂಗಿಯರಿಬ್ಬರೂ ಒಂದು ಕೋಣೆಯಲ್ಲಿ ಒಂದು ಗಳಿಗೆ ಕೂತರೆ ಜಗಳವಾಗದೆ ಎದ್ದದ್ದಿಲ್ಲ. ಜಗಳ ಬೇಡವೆಂದೇ ಈಚಿನ ವರ್ಷಗಳಲ್ಲಿ ಒಬ್ಬರ ಮನೆಗೊಬ್ಬರು ಹೋಗುವುದನ್ನೂ ಕಡಿಮೆ ಮಾಡಿದ್ದರು. ಅಂಥವಳು ಈಗ ಶಾಲೆಗೆ ರಜೆ ಹಾಕಿ, ಅಕ್ಕನ ಮನೆಯಲ್ಲಿ ಅಕ್ಕನ ನೈಟಿ ತೊಟ್ಟು, ಬೆಕ್ಕಿನ ಹೆಜ್ಜೆ ಇಡುತ್ತ, ಏನು ಕೇಳಿದರೂ “ಆಯ್ತಕ್ಕ” ಅನ್ನುತ್ತಿದ್ದಳು. ಉಪ್ಪು ಕಡಿಮೆ ಎಂದರೆ ಆಯ್ತಕ್ಕ. ದೀಪ ಆರಿಸು ಎಂದರೆ ಆಯ್ತಕ್ಕ. ಒಮ್ಮೆ ಅಕ್ಕ ಬೇಕೆಂತಲೇ, ನೀನು ಕಾಯಿಸಿದ ನೀರಿಗೂ ಒಂಥರಾ ವಾಸನೆ ಎಂದು ಅಂದು ನೋಡಿದಳು. ತಂಗಿ ಲೋಟ ತೆಗೆದುಕೊಂಡು ಹೋಗಿ ಬೇರೆ ನೀರು ಕಾಯಿಸಿ ತಂದಳು. ಆ ಲೋಟವನ್ನು ತುಟಿಗಿಡುವಾಗ ಅವಳಿಗೆ ಹೆದರಿಕೆಯಾಯಿತು. ಸಾಯುವವರಿಗೆ ಮಾತ್ರ ಜನ ಇಷ್ಟು ಒಳ್ಳೆಯವರಾಗಿರುತ್ತಾರೆ.

ಆದರೆ ಸಾಯುತ್ತಿಲ್ಲ ಎಂದೇ ಡಾಕ್ಟರು ಹೇಳಿದ್ದರು. ಕಾಯಿಲೆ ರಕ್ತದ ಕ್ಯಾನ್ಸರು. ಅವಳ ಮೂಳೆಯೊಳಗಿನ ರಕ್ತದ ಬೀಜವನ್ನೆಲ್ಲ ಔಷಧಿ ಹಾಕಿ ಸುಟ್ಟು, ಆ ಖಾಲಿ ಜಾಗದಲ್ಲಿ ತಂಗಿಯ ರಕ್ತದ ಬೀಜ ಬಿತ್ತಿದ್ದರು. ಅದಕ್ಕಾಗಿ ತಂಗಿ ದಿನವೂ ಸೂಜಿ ಚುಚ್ಚಿಸಿಕೊಂಡು, ಮೂಳೆಯೆಲ್ಲ ನೋಯುತ್ತಿದ್ದರೂ ಬಾಯಿ ಬಿಡದೆ, ಒಂದು ಕೈಯಿಂದ ರಕ್ತ ಹೊರಟು ಯಂತ್ರದೊಳಗೆ ಸುತ್ತಿ ಇನ್ನೊಂದು ಕೈಗೆ ವಾಪಸು ಬರುವವರೆಗೆ ಬೆಳಗಿನಿಂದ ಸಂಜೆತನಕ ಅಲುಗಾಡದೆ ಮಲಗಿದ್ದಳಂತೆ. ಅದನ್ನು ಹೇಳಿದ್ದು ನರ್ಸು. ಆಸ್ಪತ್ರೆಯಲ್ಲಿ ಅವಳನ್ನು ಒಬ್ಬಳೇ ಇಟ್ಟಿದ್ದ ಗಾಜಿನ ಬಾಗಿಲಿನ ಕೋಣೆಗೆ ಆ ರಕ್ತದ ಚೀಲ ಬಂದಾಗ ಅದು ತೆಳ್ಳಗೆ, ಮಸುಕು ಕೆಂಪಗೆ, ಒಂದು ಅಂಗೈಯಷ್ಟಿತ್ತು. ಬಾಗಿಲಾಚೆ ನಿಂತಿದ್ದ ಗಂಡ ಇಷ್ಟೇನಾ ಎಂದು ಕೇಳಿದ್ದು ತುಟಿಯ ಆಕಾರದಲ್ಲೇ ಅವಳಿಗೆ ತಿಳಿದಿತ್ತು. ಇಷ್ಟೇ. ಅಷ್ಟು ಮೈಯೊಳಗೆ ಹೋಗಿ, ಎಲ್ಲಿ ಕೂರಬೇಕೆಂದು ತಾನೇ ಹುಡುಕಿಕೊಂಡು, ಕೆಲವು ವಾರ ಸದ್ದಿಲ್ಲದೆ ಇದ್ದು, ಆಮೇಲೆ ಮೊಳೆಯಿತು. ಹೋದ ಸಲ ತೋರಿಸಲು ಹೋದಾಗ ಡಾಕ್ಟರು ನಗುತ್ತ, ನಿಮ್ಮ ರಕ್ತದ ಗುಂಪು ಬದಲಾಗುತ್ತ ಬಂದಿದೆ, ಇನ್ನು ಮೇಲೆ ಯಾರಾದರೂ ಕೇಳಿದರೆ ತಂಗಿಯದನ್ನೇ ಹೇಳಿ ಎಂದಿದ್ದರು. ಗಂಡ ಮಗಳು ಇಬ್ಬರೂ ನಕ್ಕರು. ತಂಗಿಯೂ ನಕ್ಕಳು. ಅವಳಿಗೆ ಮಾತ್ರ, ಬಾಡಿಗೆ ಮನೆಯಲ್ಲಿ ಮಲಗಿದ್ದಾಗ ಮನೆ ಮಾರಾಟವಾಯಿತಂತೆ ಎಂದು ಯಾರೋ ಬಂದು ಹೇಳಿಹೋದಂತಾಯಿತು.

ಥ್ಯಾಂಕ್ಸ್ ಅನ್ನಬೇಕು. ಅದನ್ನು ಅವಳು ಗಾಜಿನ ಕೋಣೆಯಲ್ಲಿದ್ದಾಗಿನಿಂದ ಅಭ್ಯಾಸ ಮಾಡುತ್ತಿದ್ದಳು. ನೀನು ನನಗೆ ಜೀವ ಕೊಟ್ಟೆ ಎಂದರೆ ನಾಟಕದ ಮಾತಾಗುತ್ತದೆ. ಬಹಳ ಉಪಕಾರವಾಯಿತು ಎಂದರೆ ಕನ್ನಡಕದ ಅಂಗಡಿಯಲ್ಲಿ ತಾನು ಗಿರಾಕಿಗಳಿಗೆ ಹೇಳುವ ಮಾತಾಗುತ್ತದೆ. ಅವಳ ಕೆಲಸ ಅದೇ, ಕನ್ನಡಕದ ಚೌಕಟ್ಟಿಗೆ ಗಾಜು ಕೂರಿಸುವುದು. ಅಂಚು ಉಜ್ಜಿ ಉಜ್ಜಿ ಗಾಜು ಟಕ್ಕೆಂದು ಚೌಕಟ್ಟಿನೊಳಗೆ ಕೂತಾಗ ಬೆರಳಿಗೆ ಸಿಗುವ ಆ ಸಮಾಧಾನ ಮಾತಿನಲ್ಲಿ ಎಂದೂ ಸಿಕ್ಕಿರಲಿಲ್ಲ. ತಂಗಿ ಊಟದ ತಟ್ಟೆ ಹಿಡಿದು ಒಳಗೆ ಬಂದಾಗೆಲ್ಲ ಮಾತು ಗಂಟಲವರೆಗೆ ಬಂದು, ಬೇಯಿಸಿದ ಆಲೂಗಡ್ಡೆಯ ಜೊತೆಗೆ ಕೆಳಗಿಳಿದು ಹೋಗುತ್ತಿತ್ತು. ಇದಕ್ಕಿಂತ ಯಾರೋ ಗುರುತಿಲ್ಲದವರ ರಕ್ತ ಆಗಿದ್ದಿದ್ದರೆ ಎಂದು ಒಂದು ಮಧ್ಯಾಹ್ನ ಅನ್ನಿಸಿ, ಹಾಗೆ ಅನ್ನಿಸಿದ್ದು ಒಳಗಿನ ಆ ರಕ್ತಕ್ಕೂ ತಿಳಿದಿರಬಹುದೆಂದು ಗಾಬರಿಯಾಗಿ ಮಗ್ಗುಲಾಗಿದ್ದಳು.

ಮನೆಯೂ ಬದಲಾಗಿತ್ತು. ಮೊದಲು ಒಬ್ಬೊಬ್ಬರದು ಒಂದೊಂದು ಹೊತ್ತಿನ ಊಟ. ಮುದ್ರಣಾಲಯದಿಂದ ಗಂಡ ಬರುವಷ್ಟರಲ್ಲಿ ಮಗಳು ಊಟ ಮುಗಿಸಿ ಕೋಣೆಯ ಬಾಗಿಲು ಹಾಕಿಕೊಂಡಿರುತ್ತಿದ್ದಳು. ಅವನು ತಟ್ಟೆಯ ಪಕ್ಕ ಫೋನು ಇಟ್ಟುಕೊಂಡು ಉಣ್ಣುತ್ತಿದ್ದ. ಈಗ ಅವಳ ಕೋಣೆಯ ಹೊಸಿಲಿನಾಚೆ, ನಡುಮನೆಯ ನೆಲದ ಮೇಲೆ ಚಾಪೆ ಹಾಸಿ ಮೂವರೂ ಒಟ್ಟಿಗೆ ಕೂರುತ್ತಿದ್ದರು. ಅವಳಿಗೆ ಸೋಂಕು ತಾಗಬಾರದೆಂದು ಅಷ್ಟು ದೂರ, ಅವಳು ಒಂಟಿಯಾಗಬಾರದೆಂದು ಅಷ್ಟು ಹತ್ತಿರ. ಗಂಡ ಪತ್ರಿಕೆಯ ಸುದ್ದಿಯನ್ನು ಗಟ್ಟಿಯಾಗಿ ಓದುತ್ತಿದ್ದ, ಮಗಳು ಶಾಲೆಯ ಮೇಷ್ಟರ ನಡಿಗೆ ಮಾಡಿ ತೋರಿಸುತ್ತಿದ್ದಳು, ತಂಗಿ ನಗುತ್ತಿದ್ದಳು. ಮಂಚದಿಂದ ನೋಡಿದರೆ ಬಾಗಿಲಿನ ಚೌಕದೊಳಗೆ ದೀಪದ ಬೆಳಕಿನಲ್ಲಿ ಅಪ್ಪ, ಅಮ್ಮ, ಮಗಳು. ತಾನು ಬಯಸಿದ್ದ ಸಂಸಾರ ಇದೇ. ಹೊಟ್ಟೆ ತುಂಬಿದಂಥ ಸಂತೋಷವಾಗುತ್ತಿತ್ತು, ಮತ್ತು ಅದೇ ಉಸಿರಿನಲ್ಲಿ, ಇವರು ತಾನಿಲ್ಲದ ಮನೆಯ ರೂಢಿ ಮಾಡಿಕೊಳ್ಳುತ್ತಿದ್ದಾರೆ, ತಾನು ಹೋದ ಮೇಲೆ ಹೇಗಿರುತ್ತದೋ ಅದನ್ನು ಮೊದಲೇ ತನಗೆ ತೋರಿಸುತ್ತಿದ್ದಾರೆ ಎಂದೂ ಅನ್ನಿಸುತ್ತಿತ್ತು. ಒಮ್ಮೊಮ್ಮೆ ಮೂವರೂ ಒಟ್ಟಿಗೆ ಮಾತು ನಿಲ್ಲಿಸಿ ಅವಳತ್ತ ನೋಡುತ್ತಿದ್ದರು. ಊಟ ಮುಗಿದು ಮುಖಕ್ಕೆ ಮತ್ತೆ ಕಟ್ಟಿಕೊಂಡ ಬಟ್ಟೆಯ ಮೇಲೆ ಬರಿ ಕಣ್ಣುಗಳು.

ಆ ಮಧ್ಯಾಹ್ನ ಗಂಡ ಕೆಲಸಕ್ಕೆ, ಮಗಳು ಶಾಲೆಗೆ ಹೋಗಿದ್ದರು. ಧೂಳಿನ ಭಯಕ್ಕೆ ಪರದೆ ಬಿಚ್ಚಿ ತೆಗೆದಿದ್ದರಿಂದ ಕಿಟಕಿಯಾಚೆಯ ಮರದ ಎಲೆ ದಾಟಿ ಬಿಸಿಲು ನೇರ ಎದುರಿನ ಗೋಡೆಗೆ ಬಿದ್ದು, ಗೋಡೆ ತೆಳು ಹಸಿರಾಗಿ ನಡುಗುತ್ತಿತ್ತು. ಅದನ್ನು ನೋಡುತ್ತ ನೋಡುತ್ತ ಕಣ್ಣು ಎಳೆಯಿತು. ಹಸಿರು ನೀರು, ಕಿವಿಯ ತುಂಬ ಗುಂಯ್ ಎನ್ನುವ ನೀರಿನ ಭಾರ, ಮೂಗಿನ ಮೂಳೆಯಲ್ಲಿ ಉರಿ. ಕೈ ಚಾಚಿದರೆ ಪಾಚಿಯ ಗೋಡೆ, ಹಿಡಿತ ಸಿಗದೆ ಉಗುರಿನೊಳಗೆ ಲೋಳೆ. ಎಲ್ಲೋ ದೂರದಲ್ಲಿ ಒಂದು ಚೌಕ ಆಕಾಶ. ಆ ಚೌಕದ ಅಂಚಿನಲ್ಲಿ ಬಗ್ಗಿ ನಿಂತ ಒಂದು ಮುಖ, ಎರಡು ಜಡೆ ಕೆಳಗೆ ಇಳಿಬಿಟ್ಟಿವೆ, ಒಂದು ಜಡೆಯ ರಿಬ್ಬನ್ನು ಬಿಚ್ಚಿ ಉದ್ದಕ್ಕೆ ತೂಗುತ್ತಿದೆ. ಮುಖ ಕೂಗುತ್ತಿಲ್ಲ. ಸುಮ್ಮನೆ ನೋಡುತ್ತಿದೆ.

ಎಚ್ಚರಾದಾಗ ಬಾಯಿ ತೆರೆದಿತ್ತು. ಕನಸಲ್ಲ, ಇದು ನಡೆದದ್ದು. ಚಿಕ್ಕವರಿದ್ದಾಗ ಇದ್ದ ಮನೆಯ ಅಂಗಳದಲ್ಲಿ ನೆಲದೊಳಗೆ ನೀರಿನ ತೊಟ್ಟಿಯಿತ್ತು, ಕಬ್ಬಿಣದ ಮುಚ್ಚಳ ತೆಗೆದಿದ್ದ ಒಂದು ದಿನ ಮಗು ಬಿದ್ದು, ಮೇಲಿನ ಮಹಡಿಯವರು ಓಡಿಬಂದು ಎತ್ತಿದ್ದರು. ಆದರೆ ಬಿದ್ದವಳು ತಂಗಿ. ತಾನು ಎಂದೂ ನೀರಿಗೆ ಬಿದ್ದವಳಲ್ಲ. ತಾನು ಮೇಲೆ ನಿಂತಿದ್ದವಳು. ಆ ಜಡೆ ತನ್ನದು, ಆ ಮುಖ ತನ್ನದು. ಮೇಲೆ ನಿಂತು ತಾನು ಕಂಡದ್ದೇನೆಂದು ನೆನೆಯಲು ಹೊರಟಳು. ತೊಟ್ಟಿಯ ಅಂಚು, ಕೆಳಗೆ ಕಪ್ಪು ನೀರು, ತಂಗಿಯ ಫ್ರಾಕು, ಏನಾದರೊಂದು. ಏನೂ ಇರಲಿಲ್ಲ. ಇದ್ದದ್ದು ಕೆಳಗಿನಿಂದ ಕಂಡ ನೋಟವೊಂದೇ. ತನ್ನ ಮುಖವನ್ನು ತಾನೇ ಕೆಳಗಿನಿಂದ, ನೀರಿನ ಒಳಗಿನಿಂದ, ಉಸಿರು ಮುಗಿಯುತ್ತಿರುವವಳ ಕಣ್ಣಿನಿಂದ ನೋಡುತ್ತಿದ್ದಳು; ಮತ್ತು ಆ ಮುಖ ಯಾಕೆ ಕೂಗುತ್ತಿಲ್ಲ ಎಂದು ಅವಳಿಗೆ ಅರ್ಥವಾಗುತ್ತಿರಲಿಲ್ಲ.

ಎದ್ದು ಕೂತಳು. ನೆಲ ತಣ್ಣಗಿತ್ತು. ಒಬ್ಬಳೇ ನಡೆಯಬೇಡವೆಂದು ಹೇಳಿದ್ದರೂ ಗೋಡೆ ಹಿಡಿದು ನಡುಮನೆ ದಾಟಿ ಅಡಿಗೆಮನೆಯ ಬಾಗಿಲಿಗೆ ಬಂದಳು. ಒಲೆಯ ಮುಂದೆ ಬೆನ್ನು ತಿರುಗಿಸಿ, ತನ್ನ ನೀಲಿ ನೈಟಿಯಲ್ಲಿ, ಸೊಂಟ ಒಂದು ಕಡೆಗೆ ಬಿಟ್ಟುಕೊಂಡು ಒಬ್ಬಳು ನಿಂತಿದ್ದಳು. ತನ್ನ ಬೆನ್ನು ಹೀಗಿರುತ್ತದೆಂದು ಅವಳಿಗೆ ಅಂದೇ ತಿಳಿದದ್ದು. ಆ ಹೆಂಗಸು ತಿರುಗಿದರೆ ಯಾವ ಮುಖ ಇರುತ್ತದೋ ಎಂದು ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು. ತಿರುಗಿತು. ತಂಗಿಯ ಮುಖ. ಆಗ ಕಣ್ಣು ಒಲೆಯ ಮೇಲಿನ ಪಾತ್ರೆಗೆ ಹೋಯಿತು. ಕುದಿಯುವ ನೀರಿನಲ್ಲಿ ಅವಳ ಕನ್ನಡಕದ ಕೆಲಸದ ಪುಟ್ಟ ಪುಟ್ಟ ಸ್ಕ್ರೂಡ್ರೈವರುಗಳು ಕುಣಿಯುತ್ತಿದ್ದವು, ಮರದ ಹಿಡಿಗಳು ಉಬ್ಬಿ ಸೀಳಿದ್ದವು. ನಾಳೆಯಿಂದ ಹಾಸಿಗೆಯಲ್ಲಿ ಕೂತೇ ಒಂದೆರಡು ಚೌಕಟ್ಟು ನೋಡುತ್ತೇನೆಂದು ಬೆಳಿಗ್ಗೆ ಅವಳೇ ಹೇಳಿದ್ದಳು. ಅದಕ್ಕೇ ಇದು. ಕ್ರಿಮಿ ಇರುತ್ತಲ್ಲ ಅಕ್ಕ, ಅದಕ್ಕೇ ಕುದಿಸ್ದೆ ಎಂದು ತಂಗಿ ಅದೇ ಮೆತ್ತಗಿನ ದನಿಯಲ್ಲಿ ಹೇಳಿದಳು.

ಕೆಲಸ ಕಲಿತಾಗಿನಿಂದ ಬೆರಳಿಗೆ ಒಗ್ಗಿಹೋಗಿದ್ದ ಹಿಡಿಗಳು. ಎದ್ದ ಕೋಪ ತನ್ನದೋ ಇನ್ನೊಬ್ಬರದೋ ತಿಳಿಯದಷ್ಟು ಜೋರಾಗಿತ್ತು. ಕೇಳಬೇಕಿತ್ತು, ಒಂದು ಮಾತು ಕೇಳಬೇಕಿತ್ತು ಎಂದಳು. ನನ್ನ ಒಲೆ, ನನ್ನ ಬಟ್ಟೆ, ನನ್ನ ಮಗಳ ಜಡೆ, ಎಲ್ಲಾ ಆಯಿತು, ಇದೊಂದು ಉಳಿದಿತ್ತು ಎಂದಳು. ತಂಗಿ ಆಯ್ತಕ್ಕ ಎಂದು ಪಾತ್ರೆ ಇಳಿಸಲು ಹೋದಳು. ಆ ಆಯ್ತಕ್ಕ ಕೇಳಿದ್ದೇ ಅವಳ ಬಾಯಿಂದ ಮಾತು ಹೊರಬಿತ್ತು.

“ರಕ್ತ ನಿಂದು ಅಂತ ಮನೇನೂ ನಿಂದೇ ಅಂದ್ಕೊಂಡ್ಯಾ?”

ತಂಗಿಯ ಬಲಗಾಲು ನೆಲವನ್ನು ಒತ್ತಿತು. ಆಮೇಲೆ ಅವಳು ಪಾತ್ರೆಯನ್ನು ಸಿಂಕಿನೊಳಗೆ ಎತ್ತಿಹಾಕಿದ ಸದ್ದಿಗೆ ಕಿಟಕಿಯ ಗಾಜು ಅದುರಿತು. ಇಷ್ಟು ದಿನ ಎಲ್ಲಿತ್ತೋ ಆ ಗಂಟಲು, ರಸ್ತೆಯ ಮಧ್ಯೆ ಎಂಜಿನ್ನು ನಿಲ್ಲಿಸಿಬಿಟ್ಟವರನ್ನು ಗದರುವ ಗಂಟಲು, ಪೂರ್ತಿ ಹೊರಬಂತು. ಜೋರು ಮಾತಾಡಿದರೆ, ಕೊಟ್ಟಿದ್ದಾಳಲ್ಲ ಅದಕ್ಕೇ ಜೋರು ಮಾಡುತ್ತಾಳೆ ಅನ್ನುತ್ತಾರೆ, ಸುಮ್ಮನಿದ್ದರೆ ಮನೆ ನುಂಗಲು ಬಂದವಳು ಅನ್ನುತ್ತೀಯ, ನಾನು ಎಲ್ಲಿ ಕಾಲಿಡಲಿ ಹೇಳು ಎಂದಳು. ರಾತ್ರಿ ನಿನ್ನ ಉಸಿರು ಎಣಿಸುತ್ತ ಬಾಗಿಲಲ್ಲಿ ಕೂರುತ್ತೇನೆ, ಭಾವ ಬಂದು ಎಬ್ಬಿಸುವವರೆಗೆ ಅಲ್ಲೇ ಇರುತ್ತೇನೆ, ಅದು ಗೊತ್ತೇ ನಿನಗೆ ಎಂದಳು. ಕಣ್ಣು ಕೆಂಪಾಗಿ, ಮುಖದ ಬಟ್ಟೆ ಉಸಿರಿಗೆ ಒಳಗೆ ಹೊರಗೆ ಹೋಗುತ್ತಿತ್ತು. ಕೊನೆಯಲ್ಲಿ ದನಿ ಇಳಿಯಿತು.

“ನೀನು ಸತ್ರೆ ನಾನೇ ಕೊಂದ ಹಾಗಾಗುತ್ತೆ ಅಕ್ಕ. ನನ್ನದೇ ಒಳಗೆ ಹೋಗಿ ಕೆಟ್ಟಿತು ಅಂತ. ದಿನಾ ಬೆಳಿಗ್ಗೆ ಬಂದು ನಿನ್ನ ಮುಖ ನೋಡೋದು ಅದಕ್ಕೇ. ಪ್ರೀತಿಗೆ ಅಂದ್ಕೊಂಡಿದ್ದೀಯೇನೋ.”

ಇಬ್ಬರೂ ಅಡಿಗೆಮನೆಯ ನೆಲದ ಮೇಲೇ, ನಡುವೆ ಒಂದಾಳು ಜಾಗ ಬಿಟ್ಟು ಕೂತರು. ನಲ್ಲಿ ಒಂದೊಂದೇ ಹನಿ ತೊಟ್ಟಿಕ್ಕುತ್ತಿತ್ತು, ಯಾರೂ ಎದ್ದು ಬಿಗಿಮಾಡಲಿಲ್ಲ. ಆಗ ಅಕ್ಕ, ಹೇಳಿದರೆ ತಲೆ ಕೆಟ್ಟಿದೆ ಅನ್ನುತ್ತಾಳೆಂದು ಗೊತ್ತಿದ್ದೂ, ಮಧ್ಯಾಹ್ನ ಕಂಡದ್ದನ್ನು ಹೇಳಿದಳು. ಹಸಿರು ನೀರು, ಪಾಚಿ, ಚೌಕ ಆಕಾಶ, ಜಡೆ. ತಂಗಿ ಮೊದಲು ಮೂಗು ಒರೆಸಿಕೊಳ್ಳುತ್ತ ಕೇಳಿದಳು. ರಿಬ್ಬನ್ನಿನ ಮಾತು ಬಂದಾಗ ಕೈ ಅಲ್ಲೇ ನಿಂತಿತು. ಯಾವ ಕಡೆಯದು ಬಿಚ್ಚಿತ್ತು ಎಂದು ಕೇಳಿದಳು. ಅಕ್ಕ ಬಲಗೈ ಎತ್ತಿ ತೋರಿಸಹೋಗಿ, ಮೇಲೆ ನಿಂತವಳ ಬಲವೋ ಕೆಳಗಿದ್ದವಳ ಬಲವೋ ತಿಳಿಯದೆ ಕೈ ಇಳಿಸಿದಳು. ತಂಗಿ ತುಸು ದೂರ ಸರಿದು ಕೂತು, ಅದನ್ನು ತಾನು ಯಾರಿಗೂ ಹೇಳಿದ ನೆನಪಿಲ್ಲ ಎಂದಳು. ಆಮೇಲೆ, ಹೇಳಿದ್ದರೂ ಹೇಳಿರಬಹುದು, ಚಿಕ್ಕವರಿದ್ದಾಗ ಏನೇನೋ ಹೇಳಿರುತ್ತೇವೆ ಎಂದಳು. ಆ ಮಾತಿನ ಮೇಲೆ ಅವಳಿಗೇ ನಂಬಿಕೆಯಿದ್ದಂತೆ ಕಾಣಲಿಲ್ಲ.

“ನಾನು ಕೂಗ್ಲಿಲ್ಲ, ಅಲ್ವಾ?” ಎಂದು ಅಕ್ಕ ಕೇಳಿದಳು.

“ಇಲ್ಲ. ಕೂಗ್ಲಿಲ್ಲ.”

“ಬಹಳ ಹೊತ್ತಾ?”

“ನೀರೊಳಗೆ ಇದ್ದವಳಿಗೆ ಹೊತ್ತು ಗೊತ್ತಾಗುತ್ತಾ?” ತಂಗಿ ಕಾಲುಬೆರಳುಗಳನ್ನು ನೋಡುತ್ತಿದ್ದಳು. “ಬಿದ್ದ ತಕ್ಷಣ ಉರುಳಿಹೋದೆ. ಮೇಲೆ ಯಾವ್ದು, ಕೆಳಗೆ ಯಾವ್ದು, ಏನೂ ಗೊತ್ತಾಗ್ಲಿಲ್ಲ. ಎಲ್ಲಾ ಕಡೆ ಒಂದೇ ಹಸಿರು. ಆಮೇಲೆ ನಿನ್ನ ಮುಖ ಕಾಣಿಸ್ತು. ಓ, ಅಕ್ಕ ಇರೋ ಕಡೆ ಮೇಲೆ ಅಂತ ಗೊತ್ತಾಯ್ತು. ಆ ಕಡೆಗೇ ಕಾಲು ಬಡಿದೆ, ಪೈಪು ಸಿಕ್ತು. ನೀನು ಕೂಗೋಕೆ ಅಂತ ಓಡಿಹೋಗಿದ್ರೆ ನಾನು ಕೆಳಗಡೆ ಈಜಿರ್ತಿದ್ದೆ.” ಕಾಲು ಒಳಗೆಳೆದುಕೊಂಡು ಹೇಳಿದಳು, “ಆದ್ರೂ ಕೂಗಬಹುದಿತ್ತು. ನಾನಾಗಿದ್ರೆ ಕೂಗ್ತಿದ್ದೆ.”

ಅಕ್ಕ ಅಭ್ಯಾಸ ಮಾಡಿಟ್ಟುಕೊಂಡಿದ್ದ ಮಾತುಗಳು ಒಂದೂ ನೆನಪಿಗೆ ಬರಲಿಲ್ಲ. ನೆಲದ ಮೇಲಿನ ತಂಗಿಯ ಕೈಯನ್ನು ನೋಡಿದಳು, ಸೂಜಿ ಚುಚ್ಚಿದ ಕಡೆ ಇನ್ನೂ ಹಳದಿಗಟ್ಟಿದ ಕಲೆಯಿತ್ತು. ಅದರ ಮೇಲೆ ಬೆರಳಿಟ್ಟು ಒಮ್ಮೆ ಸವರಿದಳು. ತಂಗಿ, ಕೈ ತೊಳ್ಕೊಂಡಿದ್ದೀಯಾ ಎಂದು ಕೇಳಿದಳು. ಇಬ್ಬರೂ ನಗಬಾರದೆಂದು ತಡೆದು, ತಡೆಯಲಾಗದೆ ನಕ್ಕರು. ಸಂಜೆ ಗಂಡ ಬೀದಿಯಿಂದಲೇ ಒಳಗಿನ ಗದ್ದಲ ಕೇಳಿ ಎದೆಯೊಡೆದು ಮೆಟ್ಟಿಲು ಹಾರಿ ಬಂದನಂತೆ. ಬಂದು ನೋಡಿದರೆ ಹೊಸ ಹಿಡಿಗಳನ್ನು ಯಾರು ತರಬೇಕೆಂದು ಅಕ್ಕತಂಗಿ ಕಿತ್ತಾಡುತ್ತಿದ್ದರು. ಅವನು ಶೂ ಬಿಚ್ಚದೆ ಹೊಸಿಲ ಮೇಲೆ ಕೂತು ಅಳುತ್ತಿದ್ದುದನ್ನು ಮಗಳು ಬಂದು ನೋಡಿದಳು. ಯಾಕಪ್ಪಾ ಎಂದರೆ, ಏನಿಲ್ಲ, ಮನೆ ಮನೆಯ ಥರ ಕೇಳಿಸಿತು ಎಂದನಂತೆ.

ಮರುದಿನ ಬೆಳಿಗ್ಗೆ ಅವಳ ಅಂಗೈ ಕೆಂಪೇರಿ ಉರಿಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅಂಗಾಲು, ಕಿವಿಯ ಹಿಂದೆ, ಎದೆಯ ಮೇಲೆಲ್ಲ ದದ್ದು. ತಂಗಿಯ ಮುಖ ಸುಣ್ಣದಂತಾಯಿತು. ತಾನೇ ಗಾಡಿ ಓಡಿಸಿದಳು, ದಾರಿಯುದ್ದಕ್ಕೂ ತುಟಿ ಬಿಚ್ಚಲಿಲ್ಲ. ಡಾಕ್ಟರು ಅಂಗೈಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ತಂಗಿಯ ರಕ್ತವಾಗಿ ಒಳಗೆ ಬಂದವಳಿಗೆ ಈ ಮೈ ಇನ್ನೂ ಪರರ ಮನೆ, ಅದಕ್ಕೇ ಕಂಡದ್ದಕ್ಕೆಲ್ಲ ಜಗಳ ತೆಗೆಯುತ್ತಿದ್ದಾಳೆ, ಜಾಸ್ತಿಯಾದರೆ ಅಪಾಯ, ಔಷಧಿ ಕೊಟ್ಟು ಅಡಗಿಸಬೇಕು, ನಾಲ್ಕು ದಿನ ಇಲ್ಲೇ ಇರಿ ಎಂದರು. ತಂಗಿ ಗೋಡೆಗೆ ಒರಗಿದ್ದನ್ನು ನೋಡಿ, ಹೆದರಬೇಡಿ ಎಂದು ಸೇರಿಸಿದರು. ಕಾಯಿಲೆ ಎಲ್ಲಾದರೂ ಅಡಗಿ ಕೂತಿದ್ದರೆ ಅದನ್ನೂ ಹುಡುಕಿ ಹೊಡೆಯುವುದು ಇದೇ ಜಗಳ. ಪೂರ್ತಿ ಸುಮ್ಮನಿದ್ದರೇ ನಮಗೆ ಚಿಂತೆ ಎಂದರು. ಅವಳು ಹಾಸಿಗೆಯ ಮೇಲಿಂದ ತಂಗಿಯನ್ನು ನೋಡಿದಳು. ಚರ್ಮದ ಕೆಳಗೆ, ಬೆರಳ ತುದಿಯವರೆಗೆ, ಅಸಂಖ್ಯ ಪುಟ್ಟ ಕೋಪದ ಕಾಲುಗಳು ಓಡಾಡುತ್ತಿದ್ದವು. ಹೆದರಿಕೆ ಹೋಗಿರಲಿಲ್ಲ. ಆದರೆ ಓಡಾಡುತ್ತಿದ್ದವಳು ಯಾರೆಂದು ಗೊತ್ತಿತ್ತು, ಚಿಕ್ಕಂದಿನಲ್ಲಿ ಕತ್ತಲೆ ಕೋಣೆಯಲ್ಲಿ ಜೊತೆಗೆ ಮಲಗಿ ಹೊದಿಕೆ ಎಳೆದುಕೊಳ್ಳುತ್ತಿದ್ದವಳೇ.

ನಾಲ್ಕು ದಿನ ಅನ್ನುವುದು ಹದಿನೈದಾಯಿತು. ಒಂದು ರಾತ್ರಿ ಕೈ ಮೀರಿತೆಂದೇ ಗಂಡನನ್ನು ಕರೆಸಿದರು. ಆಮೇಲೆ ದದ್ದು ಕಂದಿ, ಸಿಪ್ಪೆ ಸುಲಿದು, ಒಳಗಿನಿಂದ ಹೊಸ ಅಂಗೈ ಬಂತು. ಎಳೆ ಮಗುವಿನದರಂತೆ, ಗೆರೆಗಳೇ ಸರಿಯಾಗಿ ಮೂಡದ ಅಂಗೈ. ತಂಗಿಯ ರಜೆ ಮುಗಿದು ಎಷ್ಟೋ ದಿನವಾಗಿತ್ತು. ಅವಳು ಹೊರಟ ದಿನ ಮಗಳು ಚಿಕ್ಕಮ್ಮನ ಚೀಲ ಬಿಡಲೊಲ್ಲದೆ ಗೇಟಿನವರೆಗೆ ಎಳೆದಾಡಿದಳು. ಅಕ್ಕ ಅವಳಿಗೆ ಹೋಗಿ ಬಾ ಎಂದಳು, ನೀಲಿ ನೈಟಿ ಚೀಲದಲ್ಲಿ ಹಾಕಿಕೊಂಡದ್ದನ್ನು ನೋಡಿದ್ದೇನೆ ಎಂದೂ ಹೇಳಿದಳು. ಅಷ್ಟೇ ಹೇಳಿದ್ದು. ಮನೆಯಲ್ಲಿ ಚಾಪೆ ಹಾಸಿ ಒಟ್ಟಿಗೆ ಉಣ್ಣುವುದು ಹಾಗೇ ಉಳಿಯಿತು. ಈಗ ಅವಳೂ ಹೊಸಿಲು ದಾಟಿ ಬಂದು ಚಾಪೆಯ ಮೇಲೆ ಕೂರುತ್ತಿದ್ದಳು. ಮೊದಲ ಕೆಲವು ದಿನ ಅವಳು ಕೂತ ಜಾಗದಲ್ಲಿ ತಂಗಿಯ ಮೈಯ ಬಿಸುಪು ಇನ್ನೂ ಇದೆ ಎಂಬಂತೆ ಅನ್ನಿಸುತ್ತಿತ್ತು.

ತಲೆಯಲ್ಲಿ ಒಂದು ಬೆರಳಷ್ಟು ಕೂದಲು ಬಂದ ಮೇಲೆ, ಅಡಿಗೆಮನೆಗೆ ಹೋಗಬಹುದೆಂದು ಡಾಕ್ಟರು ಒಪ್ಪಿದ ವಾರ, ಒಂದು ಭಾನುವಾರ ಬೆಳಿಗ್ಗೆ ಅವಳು ಈರುಳ್ಳಿ ಹೆಚ್ಚುತ್ತಿದ್ದಳು. ಗಂಡ ನಡುಮನೆಯಲ್ಲಿ ಪತ್ರಿಕೆ ಓದುತ್ತಿದ್ದ. ಹೊಸ ಚರ್ಮದ ಬೆರಳಿಗೆ ಚಾಕುವಿನ ಅಂದಾಜು ಸಿಗಲಿಲ್ಲ. ನೋವಾಗುವ ಮೊದಲು ರಕ್ತ ಕಂಡಿತು. ಸಣ್ಣ ಗಾಯ, ಒಂದು ದಪ್ಪ ಹನಿ, ಬೆಳಕಿನಲ್ಲಿ ಹೊಳೆಯುತ್ತ ಬೆಳೆದು ನಿಂತಿತು. ಸೂಜಿಯಿಲ್ಲದೆ ತಾನಾಗಿ ಹೊರಗೆ ಬಂದದ್ದನ್ನು ಅವಳು ನೋಡುತ್ತಿದ್ದುದು ಅದೇ ಮೊದಲು. ಒರೆಸದೆ, ಬಾಯಿಗಿಡದೆ, ಯಾರೋ ಬಾಗಿಲು ತೆರೆದು ಹೊರಗೆ ಇಣುಕಿದಾಗ ಎದುರಿಗಿದ್ದವರು ನಿಲ್ಲುವಂತೆ ನಿಂತಳು. ಪಕ್ಕದಲ್ಲಿದ್ದ ಮಗಳು ಹತ್ತಿ ತರಲು ಓಡಿದಳು.

“ಹತ್ತಿ ಆಮೇಲೆ. ಚಿಕ್ಕಮ್ಮಂಗೆ ಫೋನ್ ಮಾಡು,” ಎಂದಳು.

ಇಷ್ಟಕ್ಕೆಲ್ಲ ಯಾಕಮ್ಮ, ಏನಂತ ಹೇಳಲಿ ಎಂದು ಮಗಳು ಕೇಳಿದಳು.

“ಏನೂ ಹೇಳ್ಬೇಡ. ನೋವಾಯ್ತಾ ಅಂತ ಕೇಳು.”

ಮಗಳು ಅಮ್ಮನನ್ನು ಒಂದು ಥರ ನೋಡಿ, ಫೋನು ಮಾಡಿ, ಇಬ್ಬರಿಗೂ ಕೇಳಿಸುವಂತೆ ಕಟ್ಟೆಯ ಮೇಲಿಟ್ಟಳು. ಆ ಕಡೆಯಿಂದ ಹಾರ್ನು, ಯಾರೋ ಗೇರು ಬದಲಿಸಲು ಒದ್ದಾಡುವ ಸದ್ದು. ಚಿಕ್ಕಮ್ಮ, ಅಮ್ಮ ಕೇಳುತ್ತಿದ್ದಾಳೆ, ನೋವಾಯಿತಾ ಅಂತ, ಎಂದು ಮಗಳು ಅಷ್ಟನ್ನೇ ಹೇಳಿದಳು. ಗಾಡಿ ಪಕ್ಕಕ್ಕೆ ಹಾಕ್ರೀ ಎಂದು ತಂಗಿ ಯಾರಿಗೋ ಹೇಳಿದ್ದು ಕೇಳಿಸಿತು. ಎಂಜಿನ್ನು ನಿಂತಿತು.

“ಹೂಂ, ಆಯ್ತು,” ಎಂದಿತು ತಂಗಿಯ ದನಿ. “ಯಾವ ಬೆರಳು ಅಂತ ನಾನು ಹೇಳ್ಲಾ, ಅವಳೇ ಹೇಳ್ತಾಳಾ?”

ಬೆರಳಿನ ಮಾತನ್ನು ಮಗಳು ಎತ್ತಿರಲಿಲ್ಲ. ಅವಳು ಫೋನನ್ನು ನೋಡಿದಳು, ಅಮ್ಮನ ಕೈಯನ್ನು ನೋಡಿದಳು. ಅಮ್ಮ ಗಾಯದ ಮೇಲೆ ಹೆಬ್ಬೆರಳು ಒತ್ತಿಹಿಡಿದು, ಒಳಗಿನ ಮಿಡಿತಕ್ಕೆ ಕಿವಿಗೊಟ್ಟವಳಂತೆ ತಲೆ ವಾಲಿಸಿ ನಗುತ್ತಿದ್ದಳು.

“ಅವಳೇ ಹೇಳ್ಲಿ,” ಎಂದಳು.